ನಾಂದಿಯ ಅರ್ಥ

ನಾಟಕ ಕಂಪನಿಯಲ್ಲಿ ಇಷ್ಟು ವರ್ಷ ದ್ವಾರಪಾಲಕನಾಗಿ ಮಾತಿಲ್ಲದೆ ನಿಂತಿದ್ದ ಚನ್ನವೀರನಿಗೆ ಅಂದು ಮೊದಲ ಬಾರಿ ರಾಜನ ಪಾತ್ರ ಸಿಕ್ಕಿತ್ತು. ನಾಂದಿ ಪದ್ಯ ಮುಗಿದರೂ ಅವನ ಮೀಸೆಯ ಅಂಟು ಒಣಗಿರಲಿಲ್ಲ. ಮ್ಯಾನೇಜರು ಉದ್ಘಾಟನೆಗೆ ಬಂದಿದ್ದ ಕಾಲೇಜು ಮಾಸ್ತರರಿಗೆ ಕೈಮುಗಿದರು.

"ಸರ್, ಮೀಸಿ ಒಣಗೂ ತನಕ ಏನರ ನಾಕು ಮಾತು ಹೇಳ್ರಿ."

ಮಾಸ್ತರರು ಪರದೆಯ ಮುಂದೆ ನಿಂತು ನಾಂದಿ ಎಂಬ ಪದವನ್ನೇ ಹಿಡಿದರು. ಅದರ ಮೂಲದಲ್ಲಿ ಆನಂದವಿದೆ ಎಂದರು. ದೇವತೆಗಳನ್ನು ಸಂತೋಷಪಡಿಸುವ ಪದ್ಯ ಹೇಗೆ ಎಲ್ಲ ಆರಂಭಗಳಿಗೂ ಹೆಸರಾಯಿತೆಂದು ವಿವರಿಸಿದರು. ಯಾರೋ ಮೆಚ್ಚಿ ಸಿಳ್ಳೆ ಹೊಡೆದರು.

"ಮೀಸಿ ಒಣಗೇತ್ರಿ," ಎಂದ ಚನ್ನವೀರ, ಪರದೆಯ ಹಿಂದಿನಿಂದ.

"ತಡಿಯೋ, ಮಂದಿ ಕೇಳಾಕತ್ತಾರ," ಎಂದರು ಮ್ಯಾನೇಜರು.

ಮಾಸ್ತರರು ಕೊನೆಗೂ ಮಾತು ಮುಗಿಸಿ ನಮಸ್ಕರಿಸಿದರು. ಚನ್ನವೀರ ಎದೆ ಸೆಟೆಸಿ ನಿಂತ. ಪರದೆ ಅರ್ಧ ಏಳುವಷ್ಟರಲ್ಲಿ ಇಡೀ ಥೇಟರು ಕೂಗಿತು.

"ಒನ್ಸ್ ಮೋರ್, ಮಾಸ್ತರ! ಒನ್ಸ್ ಮೋರ್!"

ಪರದೆ ಇಳಿಯಿತು. ಮಾಸ್ತರರು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದರು. ಚನ್ನವೀರ ಕಿರೀಟ ತೆಗೆಯಲು ಕೈ ಎತ್ತಿದ.

"ಏ, ಕಿರೀಟ ಇರ್ಲಿ!" ಮ್ಯಾನೇಜರು ಓಡಿಬಂದು ಅವನ ಕೈಗೆ ತಂಬಿಗೆ ಕೊಟ್ಟರು. "ರಾಜಾ ಆಗೇ ಹೋಗಿ ಮಾಸ್ತರಿಗೆ ನೀರು ಕೊಟ್ಟು ಬಾ."