ಕಾಲು ಮುರಿದ ಕ್ರಿಸ್‌ಮಸ್ ಮರ

ಪೆಟ್ಟಿಗೆ ತೆರೆದೊಡನೆ ಇಲಿ ಉಚ್ಚೆಯ ನಾತ ಅಕ್ಕನ ಮೂಗಿಗೆ ಬಡಿಯಿತು. ಒಳಗಿದ್ದದ್ದು ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಮರ. ಕೊಂಬೆಗಳು ಬೋಳು, ಸ್ಟ್ಯಾಂಡಿಗೆ ಒಂದು ಕಾಲಿಲ್ಲ, ಜರಿ ಹಾರದ ತುಂಬ ಯಾರೋ ಅಗಿದು ಅಂಟಿಸಿದ ಚ್ಯೂಯಿಂಗ್ ಗಮ್.

ದಾನದ ಸಾಮಾನು ವಿಂಗಡಿಸುವ ಆ ಶೆಡ್ಡಿನಲ್ಲಿ ಯಾವುದು ಯಾರಿಗೆ ಅಂತ ಚೀಟಿ ಬರೆದು ಅಂಟಿಸುವವಳು ಅವಳೇ. "ಕಸದವರೂ ಮುಟ್ಟದ್ದನ್ನ ದಾನ ಅಂತ ತಂದು ಸುರೀತಾರೆ. ಎಲ್ಲಿಂದ ಬಂತು ಇದು?"

"ಅನಾಥಾಶ್ರಮದಿಂದ ಅಕ್ಕ. ವಾಪಸ್ ತಗೊಂಡ್ಹೋಗಿ ಅಂದ್ರು," ಎಂದ ವ್ಯಾನ್ ಡ್ರೈವರ್.

"ಆ ಮಕ್ಕಳಿಗೆ ಇಂಥದ್ದನ್ನ ಕಳಿಸಿದವರ ಕೈ ಸೇದಿಹೋಗ."

ಡ್ರೈವರ್ ಪೆಟ್ಟಿಗೆಯ ಮುಚ್ಚಳ ತಿರುಗಿಸಿ ಹಿಡಿದ. ಹೋದ ವರ್ಷದ ಚೀಟಿ ಇನ್ನೂ ಅಂಟಿಕೊಂಡೇ ಇತ್ತು: "ಅನಾಥಾಶ್ರಮಕ್ಕೆ. ಅವರಿಗೆ ಇಷ್ಟು ಸಾಕು."

ಅಕ್ಷರ ಅವಳದೇ.