ಮೊದಲ ಹಳ್ಳ

“ಅಯ್ಯೋ, ಮತ್ತೆ ಬಿದ್ದೆ!” ಅಪ್ಪ ಪೆಚ್ಚುನಗೆ ನಕ್ಕ. ಮಗಳು ನಾಲ್ಕು ವರ್ಷದಿಂದ ಒಬ್ಬಳೇ ಕೂತು ಕಟ್ಟುತ್ತಿದ್ದ ಗೇಮಿನಲ್ಲಿ ಅವನಿಗೆ ಮೊದಲ ಹಳ್ಳವನ್ನೇ ದಾಟಲಾಗುತ್ತಿರಲಿಲ್ಲ. ಅವನಿಗೋಸ್ಕರ ಅವಳು ಅದನ್ನು ಮೂರು ಸಲ ಕಿರಿದು ಮಾಡಿದ್ದಳು. ಕಣ್ಣುಮುಚ್ಚಿ ಸೂಜಿಗೆ ದಾರ ಪೋಣಿಸುವ ದರ್ಜಿಯ ಕೈ, ಒಂದು ಬಟನ್ ಒತ್ತಲು ತಡವರಿಸುತ್ತಿತ್ತು. ಅವಳು ದಿನಾ ಪಕ್ಕದಲ್ಲೇ ಕೂತು ಕಲಿಸುತ್ತಿದ್ದಳು.

ಎಲ್ಲಿ ಎಡವುತ್ತಾನೋ ನೋಡೋಣವೆಂದು, ಆಡಿದ್ದನ್ನೆಲ್ಲ ಗೇಮು ತಾನೇ ಬರೆದಿಡುವ ದಾಖಲೆಯನ್ನು ತೆರೆದಳು. ಅದರಲ್ಲಿ ನೋಡಿದರೆ, ಅವಳು ಮನೆಯಲ್ಲಿಲ್ಲದ ಭಾನುವಾರ ಅಪ್ಪ ಒಮ್ಮೆಯೂ ಬೀಳದೆ ಕೊನೆಯ ಹಂತದವರೆಗೆ ಆಡಿ ಮುಗಿಸಿದ್ದ.

“ಅಪ್ಪಾ, ಏನಿದು ನಾಟಕ?”

ಸಿಕ್ಕಿಬಿದ್ದ ಅಪ್ಪ ಕನ್ನಡಕ ಒರೆಸಿಕೊಂಡ. “ದಾಟಿಬಿಟ್ರೆ ನೀನು ಎದ್ದು ನಿನ್ನ ರೂಮಿಗೆ ಹೋಗಿಬಿಡ್ತೀಯಲ್ಲಮ್ಮ.”

ಅವಳು ಲ್ಯಾಪ್‌ಟಾಪ್ ಎಳೆದುಕೊಂಡು, ಯಾರಿಂದಲೂ ದಾಟಲಾಗದಷ್ಟು ಹಳ್ಳವನ್ನು ಅಗಲ ಮಾಡಿ, ಅಪ್ಪನಿಗೆ ಒತ್ತಿಕೊಂಡು ಕೂತಳು.

“ಎಲ್ಲಿ, ಈಗ ದಾಟು ನೋಡೋಣ.”