ಬರೆದವರ ಹೆಸರು

ರಾಜನೂ ಕಾನೂನಿಗೆ ತಲೆಬಾಗಬೇಕು, ಬಾಗದಿದ್ದರೆ ಅವನನ್ನು ಇಳಿಸುವ ಹಕ್ಕು ಪ್ರಜೆಗಳಿಗಿದೆ ಎಂದು ಬರೆದ ಆಂಬ್ರೋಸ್, ಪುಸ್ತಕಕ್ಕೆ ತನ್ನ ಹೆಸರು ಹಾಕದೆ ಹಾಲೆಂಡಿಗೆ ಓಡಿಹೋಗಿದ್ದ. ಲಂಡನ್ನಿನಲ್ಲಿ ಅದನ್ನು ಅಚ್ಚು ಹಾಕಿದ ಗೆಳೆಯ ಸಿಕ್ಕಿಬಿದ್ದ. ಬರೆದವರು ಯಾರೆಂದು ನ್ಯಾಯಾಧೀಶರು ಕೇಳಿದಾಗ ಶಾಯಿ ಅಂಟಿದ ಕೈಯೆತ್ತಿ, "ನಾನೇ" ಎಂದು ಹೇಳಿ ಗಲ್ಲಿಗೇರಿದ.

ಆ ರಾಜ ಪಟ್ಟ ಬಿಟ್ಟು ಓಡಿದ ಮೇಲೆ ಆಂಬ್ರೋಸ್ ಊರಿಗೆ ಮರಳಿದ. ಈಗ ಎಲ್ಲರ ಬಾಯಲ್ಲೂ ಅದೇ ಪುಸ್ತಕ. ಹೊಸ ಮುದ್ರಣಕ್ಕೆ ತನ್ನ ಹೆಸರು ಹಾಕಿಸಲು ಹೊರಟಿದ್ದಾಗ ಗೆಳೆಯನ ಹೆಂಡತಿ ಬಾಗಿಲಿಗೆ ಬಂದಳು.

ಅವಳ ಮುಖ ನೋಡಲಾಗದೆ ಅವನು ತಲೆತಗ್ಗಿಸಿದ. "ಎಷ್ಟು ಬೇಕಾದರೂ ಬೈಯಮ್ಮ. ನನ್ನಿಂದಲೇ ಅವನು ಹೋದ."

"ಬೈಯೋಕೆ ಬಂದಿಲ್ಲ. ಬರೆದವರು ನೀವು ಅಂತ ಅವರು ನನಗೊಬ್ಬಳಿಗೇ ಹೇಳಿ ಹೋದರು."

"ಹಾಗಾದರೆ ನಾನೇನು ಮಾಡಲಿ, ಹೇಳು. ಏನು ಕೇಳಿದರೂ ಇಲ್ಲ ಅನ್ನೋದಿಲ್ಲ."

"ಹೆಸರು ಹಾಕಿಸಬೇಡಿ" ಎಂದಳು. "ಅಪ್ಪ ಬರೆದ ಪುಸ್ತಕ ಅಂತ ನನ್ನ ಮಗಳು ಅದರಲ್ಲೇ ಅಕ್ಷರ ಕಲೀತಿದ್ದಾಳೆ."